ಇಡೀ ಯೂನಿವರ್ಸಿಟಿ ಆನ್‌ಲೈನ್ ಆಗಬೇಕಂತೆ, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ (ಕೋಥರೂಡ್, ಪುಣೆ)
ನಮಸ್ಕಾರ. ಊರು ಧಾರವಾಡ, ಇಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತೇನೆ. ಜೂನ್‌ನಿಂದ ಎಲ್ಲ ವಿಭಾಗಗಳೂ ಮೂಡಲ್‌ಗೆ (ಆನ್‌ಲೈನ್‌ನಲ್ಲಿ ಪಾಠ, ಕ್ವಿಜ್ ನಡೆಸೋ ಸಾಫ್ಟ್‌ವೇರ್) ಬರಬೇಕೆಂದು ಆದೇಶ ಬಂದಿದೆ. ಕಂಪ್ಯೂಟರ್ ಗೊತ್ತಿದೆ ಅನ್ನೋ ಒಂದೇ ಕಾರಣಕ್ಕೆ ಕಮಿಟಿಗೆ ನನ್ನನ್ನು ಹಾಕಿದ್ದಾರೆ. ಮರಾಠಿ ವಿಭಾಗದ ಹಿರಿಯರೊಬ್ಬರು, ಪಿಡಿಎಫ್ ಹಾಕಿದರೆ ಆಯ್ತಲ್ವಾ ಅಂತಾರೆ. ಅದು ಸುಮ್ನೆ ಪಿಡಿಎಫ್ ಗೋದಾಮು ಆಗುತ್ತದೆ ಅಂತ ನನ್ನ ಭಯ. ಅನುಭವ ಇದ್ದವರು ಹೇಳಿ.

ಉತ್ತರ 1 (ಡೊಂಬಿವಲಿ)
ಸರ್, ಮೂಡಲ್ ಪುಕ್ಕಟೆ. ಅದನ್ನು ನಡೆಸೋದು ಪುಕ್ಕಟೆ ಅಲ್ಲ. ಸರ್ವರ್, ಬ್ಯಾಕಪ್, ರಾತ್ರಿ ಹೊತ್ತು ಫೋನ್ ಎತ್ತೋ ಒಬ್ಬ ಮನುಷ್ಯ, ಇಷ್ಟಕ್ಕೆ ಮೊದಲು ದುಡ್ಡು ಕೇಳಿ. ಎಲ್ಲ ವಿಭಾಗದ ಕ್ವಿಜ್ ಒಂದೇ ಗಂಟೆಗೆ ಇಡಬೇಡಿ. ನಮ್ಮ ಕಾಲೇಜಿನಲ್ಲಿ ಹಾಗೆ ಇಟ್ಟು ಸರ್ವರ್ ಮಲಗಿತು, ಮಕ್ಕಳು ವಾಟ್ಸಾಪ್‌ನಲ್ಲಿ ಉತ್ತರ ಕಳಿಸಿದರು! ಮೊದಲು ಎರಡೇ ವಿಭಾಗ ಶುರು ಮಾಡಿ. ಆ ಹಿರಿಯರನ್ನೂ ಸೇರಿಸಿಕೊಳ್ಳಿ, ಅವರು ಒಪ್ಪಿದರೆ ಉಳಿದವರು ತಾವಾಗಿಯೇ ಬರ್ತಾರೆ.

ಉತ್ತರ 2 (ವಾಸ್ಕೋ, ಗೋವಾ)
ಎಲ್ಲ ಪಾಠ ನೀವೇ ತಯಾರಿಸಬೇಕಾಗಿಲ್ಲ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಶೇ. 40ರಷ್ಟು ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ‘ಸ್ವಯಂ’ (SWAYAM) ಮೂಲಕ ಮಾಡಬಹುದು. ಮೊದಲು ಇದು ಶೇ. 20 ಇತ್ತು. ಆದರೆ ಸ್ವಯಂನಲ್ಲಿ ಐಐಟಿ, ಐಐಎಸ್‌ಸಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳಲ್ಲಿ ಅಸೈನ್‌ಮೆಂಟ್‌ಗೆ 25 ಅಂಕ ಮಾತ್ರ. ಉಳಿದ 75ಕ್ಕೆ ಸೆಂಟರ್‌ಗೆ ಹೋಗಿ ಪರೀಕ್ಷೆ ಬರೆಯಲೇಬೇಕು. ಇದನ್ನು ಮಕ್ಕಳಿಗೆ ಮೊದಲೇ ಹೇಳಿ.
ಇನ್ನೊಂದು, ವೀಡಿಯೊ ಚಿಕ್ಕದಾಗಿರಲಿ. ಮಳೆಗಾಲದಲ್ಲಿ ಕಾಣಕೋಣ ಕಡೆಯ ನಮ್ಮ ಮಕ್ಕಳಿಗೆ ಆಡಿಯೊ ಬಂದರೇ ಜಾಸ್ತಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ವಾಸ್ಕೋ ಮೇಡಂ, ಸ್ವಯಂ ಅಂಕಗಳನ್ನು ನಿಮ್ಮ ಮಾರ್ಕ್ಸ್‌ಕಾರ್ಡ್‌ಗೆ ಯಾರು ಸೇರಿಸ್ತಾರೆ? ವಿಭಾಗವೋ, ಪರೀಕ್ಷಾ ವಿಭಾಗವೋ? ಇಲ್ಲಿ ಆ ಜಗಳ ಈಗಲೇ ಶುರುವಾಗಿದೆ.