ನಿಂತ ಕಾರಿನ ಬಾಗಿಲು ಬಡಿದು ಬಿದ್ದೆ. ಮಗಳಿಗೆ ಸೈಕಲ್ ಕೊಡಿಸಲೋ, ಬೇಡವೋ?

ಕಾವಲಿ (ವಾರ್ಜೆ) ಬರೆದದ್ದು:

ಪುಣೆಯ ಕನ್ನಡಿಗರಲ್ಲಿ ಸೈಕಲ್ ತುಳಿಯುವವರೂ ಕಾರು ಓಡಿಸುವವರೂ ಇಲ್ಲಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಕುಂದಾಪುರದ ಕಡೆಯವನು. ಡೆಕ್ಕನ್ ಹತ್ತಿರದ ಒಂದು ಹೋಟೆಲಿನಲ್ಲಿ 17 ವರ್ಷದಿಂದ ದೋಸೆ ಹುಯ್ಯುತ್ತಿದ್ದೇನೆ. ಬೆಳಿಗ್ಗೆ 6 ಗಂಟೆಗೆ ಬಾಗಿಲು ತೆಗೆಯುವಷ್ಟರಲ್ಲಿ ಕಾವಲಿ ಹದಕ್ಕೆ ಬಂದಿರಬೇಕು, ಹಾಗಾಗಿ 5ಕ್ಕೆ ವಾರ್ಜೆಯ ಮನೆ ಬಿಡುತ್ತೇನೆ. ಕರ್ವೆ ರಸ್ತೆ ಹಿಡಿದು ಕರ್ವೆ ಪುತ್ಥಳಿ, ಪೌಡ್ ಫಾಟಾ, ನಳ ಸ್ಟಾಪ್, ಡೆಕ್ಕನ್: ಇಷ್ಟೇ ನನ್ನ ದಾರಿ. ಆ ಹೊತ್ತಿಗೆ ರಸ್ತೆಯಲ್ಲಿ ಸೈಕಲ್ ಮೇಲೆ ಕಾಣುವವರು ಬಹುಪಾಲು ದುಡಿಯುವವರೇ. ಪೇಪರ್ ಹಾಕುವ ಹುಡುಗರು, ಹಾಲಿನವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ವಾಚ್‌ಮನ್‌ಗಳು. ನಾವು ಯಾರೂ ಹೆಲ್ಮೆಟ್ ಹಾಕಿದವರಲ್ಲ. ನಮ್ಮ ಫೋಟೊ ಯಾರೂ ತೆಗೆಯುವುದಿಲ್ಲ.

ಕಳೆದ ಮಂಗಳವಾರ ಗರವಾರೆ ಕಾಲೇಜು ದಾಟುವ ಮುಂಚೆ ಎಡಕ್ಕೆ ಒಂದು ಬಿಳಿ ಕಾರು ನಿಂತಿತ್ತು. ದೀಪ ಆರಿತ್ತು, ಒಳಗೂ ಕತ್ತಲೆ. ಯಾರೂ ಇಲ್ಲ ಎಂದುಕೊಂಡು ಅದರ ಬಲಪಕ್ಕದಲ್ಲಿ ಹೋಗುತ್ತಿದ್ದೆ. ಚಾಲಕನ ಬಾಗಿಲು ಒಮ್ಮೆಲೇ ತೆರೆದುಕೊಂಡಿತು. ಬ್ರೇಕ್ ಹಿಡಿಯುವುದಕ್ಕೂ ಬಾಗಿಲಿನ ಅಂಚು ಹ್ಯಾಂಡಲ್ಲಿಗೆ ತಾಗುವುದಕ್ಕೂ ಸರಿಹೋಯಿತು. ನಾನು ಬಲಕ್ಕೆ, ಅಂದರೆ ರಸ್ತೆಯ ನಡುವಿಗೆ ಬಿದ್ದೆ. ಹಿಂದೆ ಹಾಲಿನ ಟೆಂಪೊ ಬರುತ್ತಿತ್ತು. ಅದರ ಮುಂದಿನ ಚಕ್ರ ನನ್ನ ತಲೆಯಿಂದ ಒಂದು ಮೊಳದ ದೂರದಲ್ಲಿ ನಿಂತಿತು. ಬಿಸಿ ರಬ್ಬರಿನ ವಾಸನೆ ಇನ್ನೂ ಮೂಗಿನಲ್ಲಿದೆ. ಕ್ಯಾರಿಯರಿಗೆ ಸಿಕ್ಕಿಸಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ಉರುಳುತ್ತ ಹೋಗಿ ಮೆಟ್ರೊ ಕಂಬದ ಬುಡಕ್ಕೆ ತಾಗಿ ಗಿರ್ರನೆ ತಿರುಗಿ ಮಲಗುವವರೆಗೂ ನಾನು ಅದನ್ನೇ ನೋಡುತ್ತಿದ್ದೆ.

ಕಾರಿನವರು ಇಳಿದು ಮೊದಲು ಬಾಗಿಲಿಗೆ ಗೀರು ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿದರು. ಆಮೇಲೆ ‘ದಿಸತ್ ನಾಹೀ ಕಾ?’ (ಕಣ್ಣು ಕಾಣುವುದಿಲ್ಲವೇ?) ಎಂದರು. ಟೆಂಪೊ ಹುಡುಗ ಜೋರು ಮಾಡಿದಾಗ ನನ್ನ ಅಂಗಿಯ ಜೇಬಿಗೆ 500 ರೂಪಾಯಿಯ ನೋಟು ತುರುಕಿ ಹೊರಟುಹೋದರು. ಆ ಹುಡುಗ ಕಾರಿನ ಸಂಖ್ಯೆಯ ಫೋಟೊ ತೆಗೆದಿಟ್ಟಿದ್ದಾನೆ. ನೋಟು ಮಡಚಿದ ಹಾಗೆಯೇ ದೇವರ ಗೂಡಿನಲ್ಲಿದೆ, ಮುಟ್ಟಲು ಮನಸ್ಸಿಲ್ಲ.

ಬಲಗೈಯ ಕಿರುಬೆರಳಿನ ಮೂಳೆ ಮುರಿದಿದೆ. ಸೌಟು ಹಿಡಿಯಲಾಗುವುದಿಲ್ಲ. ಯಜಮಾನರು ಸದ್ಯ ಗಲ್ಲೆಯಲ್ಲಿ ಕೂರಿಸಿದ್ದಾರೆ.

ನನ್ನ ಪ್ರಶ್ನೆ ಬೆರಳಿನದಲ್ಲ. ಜೂನ್‌ನಲ್ಲಿ ಮಗಳು 8ನೆಯ ತರಗತಿಗೆ ಹೋಗುತ್ತಾಳೆ. ಎರಂಡವಣೆಯ ಗಣೇಶನಗರದಲ್ಲಿರುವ ಕನ್ನಡ ಸಂಘದ ಶಾಲೆಯಲ್ಲಿ ಓದುತ್ತಿದ್ದಾಳೆ. ಈ ವರ್ಷ ಸೈಕಲ್ ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಈಗ ಹೆಂಡತಿ, ‘ನಿಮ್ಮದನ್ನೂ ಮಾರಿ’ ಎನ್ನುತ್ತಾಳೆ. ಎಡಕ್ಕೆ ಅಂಟಿಕೊಂಡು ಹೋಗು ಎಂದು ನನಗೆ ನನ್ನ ಅಪ್ಪ ಹೇಳಿಕೊಟ್ಟಿದ್ದರು. ಎಡಕ್ಕೆ ಅಂಟಿಕೊಂಡೇ ಬಿದ್ದಿದ್ದೇನೆ. ಮಗಳಿಗೆ ಏನೆಂದು ಹೇಳಿಕೊಡಲಿ? ಪೊಲೀಸರ ಬಳಿ ಹೋಗುವುದರಿಂದ ಏನಾದರೂ ಆದೀತೇ? 5 ದಿನ ಕಳೆದಿದೆ.

ವಿಮೆಯ ಹಳಬ (ಔಂಧ್) ಬರೆದದ್ದು:

ಮೊದಲು ಒಂದು ಮಾತು. ಆ ನೋಟನ್ನು ಖರ್ಚು ಮಾಡಬೇಡಿ. ದೂರಿನಲ್ಲಿ ಅದನ್ನೂ ಬರೆಯಿಸಿ.

ನಾನು 31 ವರ್ಷ ವಾಹನ ವಿಮೆಯ ಕಡತಗಳ ನಡುವೆ ಇದ್ದವನು. ನಿಮ್ಮಂಥವರು ‘ಬೆರಳು ತಾನೇ’ ಎಂದು ಸುಮ್ಮನಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕಾನೂನು ಬೆರಳನ್ನು ಹಗುರವಾಗಿ ಕಾಣುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನ ಪ್ರಕಾರ ಯಾವ ಮೂಳೆ ಮುರಿದರೂ ಅದು ತೀವ್ರ ಗಾಯ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದರೆ 125ನೆಯ ಕಲಮಿನಲ್ಲಿ 3 ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನು ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು, ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ ಎನ್ನುತ್ತದೆ. ಜೇಬಿಗೆ 500 ರೂಪಾಯಿ ತುರುಕಿದರೆ ಆ ಕರ್ತವ್ಯ ತೀರುವುದಿಲ್ಲ.

‘ಕಾರು ನಿಂತಿತ್ತಲ್ಲ, ಓಡುತ್ತಿರಲಿಲ್ಲವಲ್ಲ’ ಎಂದು ಯಾರಾದರೂ ಹೇಳಿಯಾರು. ಅದಕ್ಕೂ ಉತ್ತರವಿದೆ. 1987ರಲ್ಲಿ ನಮ್ಮದೇ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಸಾತಾರಾ ಜಿಲ್ಲೆಯಲ್ಲಿ, ಪೆಟ್ರೋಲ್ ಟ್ಯಾಂಕರೊಂದು ಉರುಳಿತು. ಬಿದ್ದು ಗಂಟೆಗಳು ಕಳೆದ ಮೇಲೆ ಸ್ಫೋಟಿಸಿ ಜನ ಸತ್ತರು. ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್, ವಾಹನ ಚಲಿಸದೆ ನಿಂತಿದ್ದರೂ ಅದು ಬಳಕೆಯಲ್ಲಿದೆ ಎಂದೇ ಎಣಿಸಬಹುದು ಎಂದಿತು. ಬಾಗಿಲು ತೆರೆದು ಇಳಿಯುವುದು ಅದಕ್ಕಿಂತ ಎಷ್ಟೋ ನೇರವಾದ ಬಳಕೆ.

ಆಸ್ಪತ್ರೆಯ ಚೀಟಿಯಲ್ಲಿ ‘ರಸ್ತೆ ಅಪಘಾತ’ ಎಂದು ಬರೆದಿದ್ದಾರೆಯೇ? ಮನೆಯಲ್ಲಿ ಜಾರಿ ಬಿದ್ದೆ ಎಂದು ಹೇಳಿದ್ದರೆ ಇವತ್ತೇ ಸರಿಪಡಿಸಿಕೊಳ್ಳಿ, ಇಂಥ ಪ್ರಕರಣಗಳು ಎಡವುವುದು ಅಲ್ಲಿಯೇ. ಎಕ್ಸ್‌ರೇ, ಔಷಧಿಯ ರಸೀದಿ, ಸೈಕಲ್ ರಿಪೇರಿಯ ಚೀಟಿ ಎಲ್ಲ ಒಂದು ಲಕೋಟೆಯಲ್ಲಿಡಿ. ಪರಿಹಾರ ಕೊಡುವುದು ಕಾರಿನ ಮೂರನೆಯ ವ್ಯಕ್ತಿ (ಥರ್ಡ್ ಪಾರ್ಟಿ) ವಿಮೆ, ಅದು ಪ್ರತಿ ವಾಹನಕ್ಕೂ ಕಡ್ಡಾಯ. ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯ್ದೆ 6 ತಿಂಗಳು ಕೊಡುತ್ತದೆ. 5 ದಿನ ಏನೂ ತಡವಲ್ಲ. ತಡ ಯಾಕಾಯಿತು ಎಂದು ದೂರಿನಲ್ಲಿ ಒಂದು ಸಾಲು ಬರೆಯಿಸಿದರೆ ಸಾಕು.

ಇಂಡಿ ಟ್ಯಾಕ್ಸಿ (ಹಡಪ್ಸರ್) ಬರೆದದ್ದು:

ಅಣ್ಣಾ, ನಾನು ಕಾರಿನ ಕಡೆಯವನು. 9 ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. 2 ವರ್ಷದ ಹಿಂದೆ ನನ್ನ ಗಾಡಿಯ ಹಿಂದಿನ ಎಡಬಾಗಿಲನ್ನು ಪ್ರಯಾಣಿಕರು ತೆರೆದಾಗ ಒಬ್ಬ ಪೇಪರ್ ಹುಡುಗ ಅದಕ್ಕೆ ಬಂದು ಬಡಿದ. ಅವನ ತುಟಿ ಸೀಳಿತ್ತು. ಅವತ್ತಿನ ಪೇಪರುಗಳೆಲ್ಲ ಗಟಾರದ ನೀರಿನಲ್ಲಿ ಬಿದ್ದವು. ಒದ್ದೆಯಾದ ಪೇಪರಿನ ದುಡ್ಡು ತನ್ನ ಸಂಬಳದಿಂದ ಹೋಗುತ್ತದೆ ಎಂದು ಅವನು ಅಳುತ್ತಿದ್ದ. ತುಟಿಗಾಗಿ ಅಳಲಿಲ್ಲ.

ಅವತ್ತಿನಿಂದ ನಾನು ಬಾಗಿಲನ್ನು ಎಡಗೈಯಿಂದ ತೆರೆಯುತ್ತೇನೆ. ಬಲಪಕ್ಕದ ಬಾಗಿಲಿಗೆ ಎಡಗೈ ಚಾಚಿದರೆ ಮೈ ತಾನಾಗಿಯೇ ತಿರುಗುತ್ತದೆ, ಕನ್ನಡಿಯೂ ಹಿಂದಿನ ರಸ್ತೆಯೂ ಕಣ್ಣಿಗೆ ಬೀಳುತ್ತವೆ. ಬಲಗೈಯಲ್ಲಿ ತೆರೆದರೆ ಕಣ್ಣು ಮೊಬೈಲ್ ಮೇಲೆಯೇ ಇದ್ದರೂ ಬಾಗಿಲು ತೆರೆದುಕೊಳ್ಳುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇದು ರೂಢಿ ಎಂದು ಒಬ್ಬ ಪ್ರಯಾಣಿಕರು ಹೇಳಿದರು. ಈಗ ಹಿಂದೆ ಕುಳಿತವರಿಗೂ ಇಳಿಯುವ ಮುಂಚೆ ‘ಥಾಂಬಾ’ (ನಿಲ್ಲಿ) ಎಂದು ನಾನೇ ಹಿಂದೆ ನೋಡಿ ಹೇಳುತ್ತೇನೆ. ಕೆಲವರು ಸಿಡುಕುತ್ತಾರೆ, ಸಿಡುಕಲಿ.

ನಿಮಗೆ ನಮ್ಮ ಗಾಡಿಯೊಳಗೆ ಜನ ಇದ್ದಾರೋ ಇಲ್ಲವೋ ತಿಳಿಯಬೇಕಾದರೆ ಹಿಂದಿನ ಗಾಜಿನಲ್ಲಿ ತಲೆ ಕಾಣುತ್ತದೆಯೇ, ಬ್ರೇಕ್ ದೀಪ ಈಗಷ್ಟೇ ಆರಿತೇ, ಮುಂದಿನ ಚಕ್ರ ಹೊರಳಿದೆಯೇ ಎಂದು ನೋಡಿ. ಕತ್ತಲಲ್ಲಿ ಮೊಬೈಲ್ ಬೆಳಕು ಗಾಜಿನ ಮೇಲೆ ನೀಲಿಯಾಗಿ ಬಿದ್ದಿರುತ್ತದೆ. ಏನೂ ಕಾಣದಿದ್ದರೆ, ಒಳಗೆ ಮನುಷ್ಯ ಇದ್ದಾನೆ ಎಂದೇ ತಿಳಿದು ದೂರ ಹೋಗಿ.

ಖಡಕಿ 1974 ಬರೆದದ್ದು:

ನಾನು ಧಾರವಾಡದವನು. 1974ರಲ್ಲಿ ಖಡಕಿಯ ಮದ್ದುಗುಂಡು ಕಾರ್ಖಾನೆಗೆ ಸೇರಿದೆ. ಪಾಳಿ ಬಿಟ್ಟರೆ ಗೇಟಿನಿಂದ ಸೈಕಲ್ಲುಗಳ ಹೊಳೆಯೇ ಹರಿಯುತ್ತಿತ್ತು, ಬಸ್ಸುಗಳು ನಮಗಾಗಿ ನಿಲ್ಲುತ್ತಿದ್ದವು. ಪುಣೆಯನ್ನು ಸೈಕಲ್ಲುಗಳ ನಗರ ಎಂದು ಸುಮ್ಮನೆ ಕರೆಯಲಿಲ್ಲ. ಆ ಪುಣೆ ಈಗ ಇಲ್ಲ. ಸಾತಾರಾ ರಸ್ತೆಯಲ್ಲಿ ಸೈಕಲ್ ಪಥ ಮಾಡಿದರು, ಈಗ ಅದರ ಮೇಲೆ ದ್ವಿಚಕ್ರ ವಾಹನಗಳು ನಿಂತಿರುತ್ತವೆ. 2017ರಲ್ಲಿ ನಗರಕ್ಕೆಲ್ಲ ಸೈಕಲ್ ಯೋಜನೆ ಮಂಜೂರಾಯಿತು. ಕರ್ವೆ ರಸ್ತೆಯಲ್ಲಿ ಅದು ಎಲ್ಲಿದೆ ಎಂದು ನೀವೇ ಹೇಳಿ.

ಮಗುವನ್ನು ಈ ರಸ್ತೆಗೆ ಬಿಡಬೇಡಿ. ಹಿರಿಯನಾಗಿ ಹೇಳುತ್ತಿದ್ದೇನೆ, ಬೇಸರಿಸಬೇಡಿ. ನನಗೂ ಮೊಮ್ಮಗಳಿದ್ದಾಳೆ.

ಬಾಣೇರಿನವಳು ಬರೆದದ್ದು:

ಖಡಕಿಯ ರಾಯರ ನೋವು ನನಗೂ ಅರ್ಥವಾಗುತ್ತದೆ. ಆದರೆ ನಾವೆಲ್ಲ ರಸ್ತೆ ಬಿಟ್ಟುಕೊಟ್ಟರೆ ಆ ಪಥದ ಮೇಲೆ ಗಾಡಿ ನಿಲ್ಲಿಸಿದವರು ಅದನ್ನೇ ಕಾಯುತ್ತಿರುತ್ತಾರೆ. ನಾನು ಬಾಣೇರಿನಿಂದ ಗಣೇಶಖಿಂಡ ರಸ್ತೆಯಾಗಿ ಶಿವಾಜಿನಗರಕ್ಕೆ ವಾರಕ್ಕೆ 4 ದಿನ ಸೈಕಲ್ಲಿನಲ್ಲೇ ಹೋಗುತ್ತೇನೆ.

ಅಣ್ಣ, ನಿಮ್ಮ ತಂದೆಯವರು ಹೇಳಿದ್ದು ಹಳ್ಳಿಯ ರಸ್ತೆಗೆ ಸರಿ. ಇಲ್ಲಿ ತೀರ ಎಡದ ಅಂಚಿನಲ್ಲಿ ಬಾಗಿಲುಗಳಿವೆ, ಚರಂಡಿಯ ಜಾಲರಿಯಿದೆ, ಜಲ್ಲಿ ಇದೆ. ತೆರೆದ ಬಾಗಿಲು ಸುಮಾರು 1 ಮೀಟರ್ ಜಾಗ ತೆಗೆದುಕೊಳ್ಳುತ್ತದೆ. ನಿಂತ ಕಾರಿನ ಪಕ್ಕ ಹೋಗುವಾಗ ನಿಮ್ಮ ಹ್ಯಾಂಡಲ್ಲಿನ ತುದಿಗೂ ಕಾರಿಗೂ ನಡುವೆ ಅದಕ್ಕಿಂತ ಹೆಚ್ಚು ಅಂತರ ಇರಬೇಕು. ಸಾಲಾಗಿ ಕಾರುಗಳು ನಿಂತಿದ್ದರೆ ನಡುವಿನ ಖಾಲಿ ಜಾಗಕ್ಕೆ ನುಸುಳಬೇಡಿ, ನೇರ ಗೆರೆಯಲ್ಲೇ ಹೋಗಿ. ಒಳಗೆ ನುಸುಳಿ ಮತ್ತೆ ಹೊರಗೆ ಬರುವಾಗಲೇ ಹಿಂದಿನವನು ಬಡಿಯುತ್ತಾನೆ. ಹಿಂದೆ ಹಾರ್ನ್ ಹೊಡೆಯುತ್ತಾರೆ. ಹೊಡೆದರೆ ನಿಮ್ಮನ್ನು ಕಂಡಿದ್ದಾರೆ ಎಂದರ್ಥ, ಹೆದರಿ ಎಡಕ್ಕೆ ಸರಿಯಬೇಡಿ. ನಿಂತ ಕಾರಿನಿಂದ 1 ಮೀಟರ್ ಅಂತರ ಬಿಡಿ ಎಂಬುದು ಬ್ರಿಟನ್ನಿನ ರಸ್ತೆ ನಿಯಮಾವಳಿಯಲ್ಲಿ 2022ರಿಂದ ಸೇರಿದೆ. ಸೈಕಲನ್ನು ದಾಟುವ ಕಾರು ಕನಿಷ್ಠ 1.5 ಮೀಟರ್ ದೂರ ಬಿಡಬೇಕು ಎಂದೂ ಇದೆ. ನಮ್ಮಲ್ಲಿ ಅಷ್ಟು ಜಾಗ ನಾವೇ ಹಿಡಿದುಕೊಳ್ಳಬೇಕು.

ಬಸ್ಸಿನ ಎಡಕ್ಕೆ ಎಂದಿಗೂ ಹೋಗಬಾರದು ಎಂದು ಮಗಳಿಗೆ ದಿನವೂ ಹೇಳಿ. ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ ನಾವೂ ಅವನಿಗೆ ಕಾಣುವುದಿಲ್ಲ. ಎಡಕ್ಕೆ ತಿರುಗುವ ಉದ್ದದ ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಬರುತ್ತದೆ. ಇದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲ, ಒಂದು ತಿರುವಿನಲ್ಲಿ ನಿಂತು ತೋರಿಸಿ.

ಮತ್ತೊಂದು. ಮಗಳು ಕರ್ವೆ ರಸ್ತೆಗೆ ಯಾಕೆ ಬರಬೇಕು? ರಾಜಾರಾಮ್ ಸೇತುವೆಯ ಕಡೆಯಿಂದ ಡಿಪಿ ರಸ್ತೆ ಹಿಡಿದರೆ ಮ್ಹಾತ್ರೆ ಸೇತುವೆಯ ಹತ್ತಿರ ಬರುತ್ತಾಳೆ, ಅಲ್ಲಿಂದ ಗಣೇಶನಗರ ಪಕ್ಕದಲ್ಲೇ.

ಕಾವಲಿ (ವಾರ್ಜೆ) ಬರೆದದ್ದು:

ಎಲ್ಲರಿಗೂ ನಮಸ್ಕಾರ. 12 ದಿನದ ನಂತರ ಬರೆಯುತ್ತಿದ್ದೇನೆ.

ದೂರು ಕೊಟ್ಟೆ. ಹಾಲಿನ ಟೆಂಪೊ ಹುಡುಗ ತಾನಾಗಿಯೇ ಬಂದು ಸಾಕ್ಷಿ ಹೇಳಿದ. ಅವತ್ತಿನ ಅವನ ಒಂದು ಟ್ರಿಪ್ ತಪ್ಪಿತು. ನಾನು ದುಡ್ಡು ಕೊಡಲು ಹೋದರೆ ಕೈ ಕೊಡವಿದ. ನೋಟನ್ನು ಠಾಣೆಯಲ್ಲಿ ಮೇಜಿನ ಮೇಲಿಟ್ಟು ಅದರ ಕಥೆಯನ್ನೂ ಬರೆಯಿಸಿದೆ. ಆಸ್ಪತ್ರೆಯ ಚೀಟಿಯಲ್ಲಿ ‘ಬಿದ್ದು ಗಾಯ’ ಎಂದಷ್ಟೇ ಇತ್ತು. ವಿಮೆಯ ಹಿರಿಯರು ಹೇಳದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. ವೈದ್ಯರು ಸರಿಪಡಿಸಿ ಸಹಿ ಹಾಕಿದರು.

ಖಡಕಿಯ ರಾಯರೇ, ನಿಮ್ಮ ಮಾತನ್ನು 2 ರಾತ್ರಿ ಯೋಚಿಸಿದೆ. ಬೇಸರವಿಲ್ಲ. ಆದರೆ ಮಗಳು ನಾಳೆ ಕಾಲೇಜಿಗೂ ಕೆಲಸಕ್ಕೂ ಹೋಗುವುದು ಇದೇ ಊರಿನಲ್ಲಿ. ರಸ್ತೆಯ ಹೆದರಿಕೆಯೊಂದನ್ನೇ ನಾನು ಅವಳಿಗೆ ಕೊಟ್ಟರೆ ಅವಳು ಸ್ಕೂಟರ್ ಕಲಿತಾಗಲೂ ಅದನ್ನೇ ಹೊತ್ತು ಓಡಿಸುತ್ತಾಳೆ.

ಹೋದ ಭಾನುವಾರ ಪಕ್ಕದ ಮನೆಯ ಸೈಕಲ್ ತಂದು ಅವಳನ್ನು ಡಿಪಿ ರಸ್ತೆಗೆ ಕರೆದೊಯ್ದೆ. ಬೆಳಿಗ್ಗೆ 7 ಗಂಟೆ. ಪಟ್ಟಿ ಕಟ್ಟಿದ ಕೈಯಲ್ಲಿ ನಾನು ತುಳಿಯುವಂತಿರಲಿಲ್ಲ, ಪಕ್ಕದಲ್ಲಿ ನಡೆದೆ. ನಿಂತ ಪ್ರತಿ ಕಾರಿನ ಹತ್ತಿರವೂ ಅವಳು ‘ತಲೆ ಇದೆ’, ‘ತಲೆ ಇಲ್ಲ’ ಎಂದು ಗಟ್ಟಿಯಾಗಿ ಹೇಳುತ್ತ ಹೋದಳು. ಒಂದು ಕಡೆ ನಾನು ‘ಇಲ್ಲ’ ಎಂದೆ, ಅವಳು ‘ಇದೆ, ಸೀಟು ಹಿಂದಕ್ಕೆ ಹಾಕಿ ಮಲಗಿದ್ದಾರೆ’ ಎಂದಳು. ಹೌದು, ಚಾಲಕ ಮಲಗಿದ್ದ. ಮದುವೆಯ ಲಾನ್ ಒಂದರ ಮುಂದೆ ಗಾಡಿಗಳು 2 ಸಾಲು ನಿಂತಿದ್ದವು. ಅಲ್ಲಿ ನಾನು ಏನೂ ಹೇಳುವ ಮುಂಚೆ ಅವಳೇ ಇಳಿದು ಸೈಕಲ್ ತಳ್ಳಿಕೊಂಡು ಹೋದಳು. ಮನೆಗೆ ಬಂದು ಇದನ್ನು ಅವಳ ಅಮ್ಮನಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ. ಮಾರುವ ಮಾತನ್ನೂ ಮತ್ತೆ ಎತ್ತಿಲ್ಲ.

ನನ್ನ ಸೈಕಲ್ಲಿನ ಮುಂದಿನ ರಿಮ್ ಔಟ್ ಆಗಿತ್ತು, 6 ಕಡ್ಡಿ ಬದಲಾಯಿಸಿ ಸರಿಮಾಡಿಸಿದ್ದೇನೆ. ಹಿಂದೆ ಕೆಂಪು ದೀಪ ಹಾಕಿಸಿದೆ, ಮಗಳದ್ದಕ್ಕೂ ಹಾಕಿಸುತ್ತೇನೆ.

ಈಗ ಒಂದು ಕೋರಿಕೆ. ನಾನು 5ಕ್ಕೇ ಹೊರಡುವವನು, ಅವಳ ಜೊತೆ ಶಾಲೆಯವರೆಗೆ ಹೋಗಲಾಗುವುದಿಲ್ಲ. ಜೂನ್‌ನ ಮೊದಲ ಒಂದೆರಡು ವಾರ ಕರ್ವೆನಗರದಿಂದ ಡಿಪಿ ರಸ್ತೆಯಾಗಿ ಬೆಳಗಿನ ಹೊತ್ತು ಸೈಕಲ್ಲಿನಲ್ಲಿ ಬರುವವರು, ಅದರಲ್ಲೂ ಆ ಶಾಲೆಗೆ ಮಕ್ಕಳನ್ನು ಕಳುಹಿಸುವವರು ಯಾರಾದರೂ ಇದ್ದರೆ ತಿಳಿಸಿ. ಅವಳು ನಿಮ್ಮ ಹಿಂದೆಯೇ ಬರುತ್ತಾಳೆ.