ಹಂತಿ ಪದದ ಹಳೆಯ ಕ್ಯಾಸೆಟ್‌ಗಳಲ್ಲಿ ಸಾಲುಗಳು ಹಾರುವುದೇಕೆ? ದನಿ ಕೇಳಿದಾಗ ಮಾತ್ರ ತಿರುಗುವ ರೆಕಾರ್ಡರಿನ ಬಗ್ಗೆ

ಪ್ರಶ್ನೆ: ಕನ್ನಡ ಶಿಕ್ಷಕಿ, ರೋಣ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ತೊಂಬತ್ತರ ದಶಕದಲ್ಲಿ ಊರಿನ ಹಿರಿಯರು ಹಾಡುತ್ತಿದ್ದ ಹಂತಿ ಪದಗಳನ್ನು ಕ್ಯಾಸೆಟ್‌ಗಳಲ್ಲಿ ಮುದ್ರಿಸಿ ಇಟ್ಟಿದ್ದಾರೆ. ಸುಗ್ಗಿಯ ರಾತ್ರಿಗಳಲ್ಲಿ ಕಣದ ನಡುಗಂಬವಾದ ಮೇಟಿಯ ಸುತ್ತ ಎತ್ತುಗಳನ್ನು ಹೊಡೆಯುತ್ತ ಹಾಡುತ್ತಿದ್ದ ಆ ಪದಗಳನ್ನು ಪೂರ್ತಿಯಾಗಿ ಬಲ್ಲವರು ಈಗ ನಮ್ಮ ಊರಿನಲ್ಲಿ ಯಾರೂ ಇಲ್ಲ. ರಾಶಿ ಮಾಡುವ ಯಂತ್ರಗಳು ಬಂದ ಮೇಲೆ ಹಂತಿ ಕಟ್ಟುವುದೇ ನಿಂತುಹೋಯಿತು. ಆದ್ದರಿಂದ ಈ ಕ್ಯಾಸೆಟ್‌ಗಳನ್ನು ಹೇಗಾದರೂ ಮಾಡಿ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ.

ಮುದ್ರಿಸಲು ಬಳಸಿದ ರೆಕಾರ್ಡರು ಇನ್ನೂ ನಮ್ಮಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತದೆ. ಅದರ ಮಗ್ಗುಲಿಗೆ ‘ವಿಓಆರ್’ ಎಂದು ಬರೆದ ಒಂದು ಸ್ವಿಚ್ಚು ಇದ್ದು, ಅದನ್ನು ‘ಎಚ್’, ‘ಎಲ್’ ಮತ್ತು ‘ಆಫ್’ ಎಂಬ ಮೂರು ಸ್ಥಾನಗಳಲ್ಲಿ ಇಡಬಹುದು. ಕೆಲವು ಕ್ಯಾಸೆಟ್‌ಗಳು ಚೆನ್ನಾಗಿಯೇ ಇವೆ. ಉಳಿದವುಗಳಲ್ಲಿ ಹಾಡು ನಡೆಯುತ್ತಿರುವಾಗಲೇ ಥಟ್ಟನೆ ಕಡಿದು, ಮರುಕ್ಷಣವೇ ಮುಂದಿನ ಯಾವುದೋ ಸಾಲಿನ ನಡುವಿನಿಂದ ಕೇಳತೊಡಗುತ್ತದೆ. ಹಾಗೆ ಶುರುವಾಗುವ ಪ್ರತಿ ಸಲವೂ ಮೊದಲ ಅಕ್ಷರ ಕೀರಲಾಗಿ ಬರುತ್ತದೆ. ಇದು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಆಗುತ್ತಿದೆ. ಟೇಪು ಸವೆದು ಹೀಗಾಗಿದೆಯೇ? ಬಿಟ್ಟುಹೋದ ಸಾಲುಗಳನ್ನು ಮರಳಿ ಪಡೆಯಲು ಸಾಧ್ಯವೇ? ಇದೇ ರೆಕಾರ್ಡರಿನಲ್ಲಿ ನಮ್ಮ ಸೋದರತ್ತೆಯವರ ಬೀಸುವ ಪದಗಳನ್ನೂ ಮುದ್ರಿಸಬೇಕೆಂದಿದ್ದೇನೆ. ಮೊಬೈಲು ಎದುರಿಗಿಟ್ಟರೆ ಮುಜುಗರಪಡುವ ಅವರು ತಮ್ಮ ಅಣ್ಣನ ಈ ಯಂತ್ರದ ಮುಂದೆ ಮಾತ್ರ ಸಲೀಸಾಗಿ ಹಾಡುತ್ತಾರೆ. ಆ ಸ್ವಿಚ್ಚನ್ನು ಎಲ್ಲಿ ಇಡಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ರೇಡಿಯೋ ಮತ್ತು ಟೇಪ್ ರೆಕಾರ್ಡರ್ ದುರಸ್ತಿಗಾರ, ಹುಬ್ಬಳ್ಳಿ

ನೀವು ಬರೆದ ಲಕ್ಷಣಗಳನ್ನು ನೋಡಿದರೆ ಟೇಪು ಸವೆದಿಲ್ಲ. ಮುದ್ರಿಸುವಾಗ ಆ ಸ್ವಿಚ್ಚು ಆನ್ ಆಗಿತ್ತು, ಅಷ್ಟೇ. ಸೋನಿಯವರು ವಿಓಆರ್ ಎಂದು, ಪ್ಯಾನಸೋನಿಕ್‌ನವರು ವಿಎಎಸ್ ಎಂದು ಕರೆದ ಈ ಏರ್ಪಾಡಿನಲ್ಲಿ ಮೈಕಿನಿಂದ ಬರುವ ಸಂಕೇತ ಒಂದು ಮಟ್ಟವನ್ನು ಮೀರಿದಾಗ ಮಾತ್ರ ಮೋಟಾರು ತಿರುಗುತ್ತದೆ. ಸದ್ದು ಆ ಮಟ್ಟಕ್ಕಿಂತ ಕೆಳಗಿಳಿದರೆ ಕೆಲವು ಸೆಕೆಂಡು ಕಾಯ್ದು ಮೋಟಾರು ನಿಲ್ಲುತ್ತದೆ. ಆ ಕಾಯುವಿಕೆ ಇರದಿದ್ದರೆ ಎರಡು ಮಾತುಗಳ ನಡುವಿನ ಉಸಿರಿಗೂ ಯಂತ್ರ ನಿಂತುಬಿಡುತ್ತಿತ್ತು. ‘ಎಚ್’ನಲ್ಲಿ ಇಟ್ಟರೆ ಸಣ್ಣ ದನಿಗೂ ಯಂತ್ರ ಎಚ್ಚರಗೊಳ್ಳುತ್ತದೆ, ‘ಎಲ್’ನಲ್ಲಿ ಇಟ್ಟರೆ ಹತ್ತಿರದ ದೊಡ್ಡ ದನಿಗೆ ಮಾತ್ರ.

ಮೊದಲ ಅಕ್ಷರ ಕೀರಲಾಗುವುದಕ್ಕೂ ಕಾರಣ ಇಲ್ಲಿಯೇ ಇದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು, ಆದರೆ ನಿಂತ ಮೋಟಾರು ಆ ವೇಗವನ್ನು ಮುಟ್ಟಲು ಸ್ವಲ್ಪ ಸಮಯ ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಿಧಾನವಾಗಿ ಓಡುವ ಟೇಪಿನ ಮೇಲೆ ಬಿದ್ದ ದನಿಯನ್ನು ಮುಂದೆ ಪೂರ್ಣ ವೇಗದಲ್ಲಿ ನುಡಿಸಿದಾಗ ಅದು ಏರಿದ ಶ್ರುತಿಯಲ್ಲಿ ಕೇಳುತ್ತದೆ. ಅದಕ್ಕೂ ಮುಂಚಿನ ಸದ್ದು, ಅಂದರೆ ಮೋಟಾರನ್ನು ಎಬ್ಬಿಸಿದ ಸದ್ದೇ, ಟೇಪಿಗೆ ಬೀಳುವುದೇ ಇಲ್ಲ. ಇಂದಿನ ಕೆಲವು ಡಿಜಿಟಲ್ ಯಂತ್ರಗಳು ಕೆಲವು ಕ್ಷಣಗಳ ಸದ್ದನ್ನು ಸದಾ ನೆನಪಿನಲ್ಲಿ ಇಟ್ಟುಕೊಂಡು, ಮುದ್ರಣ ಶುರುವಾದಾಗ ಅದನ್ನು ಮುದ್ರಣದ ಮೊದಲಿಗೆ ಸೇರಿಸುತ್ತವೆ. ಕ್ಯಾಸೆಟ್ ಯಂತ್ರಕ್ಕೆ ಅಂಥ ನೆನಪು ಇಲ್ಲ. ಆದ್ದರಿಂದ ಬಿಟ್ಟುಹೋದ ಸಾಲುಗಳು ಟೇಪಿನ ಯಾವ ಮೂಲೆಯಲ್ಲಿಯೂ ಇಲ್ಲ, ಯಾವ ಉಪಾಯದಿಂದಲೂ ಅವನ್ನು ಮರಳಿ ತರಲಾಗದು. ಇದನ್ನು ಹೇಳಲು ನನಗೆ ನಿಜಕ್ಕೂ ಬೇಸರವಾಗುತ್ತದೆ.

ಉತ್ತರ: ಜಾನಪದ ಸಂಶೋಧಕ, ಧಾರವಾಡ

ಅಂತರ ಹೆಚ್ಚುಕಡಿಮೆ ಒಂದೇ ಆಗಿದೆ ಎಂದು ನೀವು ಬರೆದ ಮಾತು ನನ್ನ ಗಮನ ಸೆಳೆಯಿತು. ಹಂತಿ ಹೊಡೆಯುವವನು ಒಂದೆಡೆ ಕುಳಿತು ಹಾಡುವುದಿಲ್ಲ, ಎತ್ತುಗಳ ಬೆನ್ನಿಗೆ ನಡೆಯುತ್ತ ಹಾಡುತ್ತಾನೆ. ಕಣದ ಅಂಚಿನಲ್ಲಿ ಒಂದು ಕಡೆ ರೆಕಾರ್ಡರು ಇಟ್ಟಿದ್ದರೆ ಹಾಡುಗಾರ ಒಂದು ಸುತ್ತಿನಲ್ಲಿ ಒಮ್ಮೆ ಅದರ ಹತ್ತಿರ ಬಂದು ಒಮ್ಮೆ ಮೇಟಿಯ ಆಚೆಗೆ ಹೋಗುತ್ತಾನೆ. ಸ್ವಿಚ್ಚು ‘ಎಲ್’ನಲ್ಲಿ ಇದ್ದಿದ್ದರೆ, ಆಚೆ ಬದಿಯ ದನಿ ಆ ಮಟ್ಟವನ್ನು ಮುಟ್ಟದೆ ಮೋಟಾರು ನಿಂತಿರಬೇಕು, ಅವನು ಈಚೆಗೆ ಬಂದಾಗ ಮತ್ತೆ ತಿರುಗಿರಬೇಕು. ನನ್ನ ಊಹೆ ಸರಿಯಾಗಿದ್ದರೆ ಪ್ರತಿ ತುಂಡಿನಲ್ಲಿಯೂ ದನಿ ಮೊದಲು ಏರಿ, ಆಮೇಲೆ ಇಳಿದು, ಆಮೇಲೆಯೇ ಕಡಿಯುತ್ತದೆ. ಎತ್ತಿನ ಕೊರಳ ಗೆಜ್ಜೆಯ ಸದ್ದೂ ಅದರ ಜೊತೆಗೇ ದೂರವಾಗುತ್ತದೆ. ದಯವಿಟ್ಟು ಒಮ್ಮೆ ಗಮನವಿಟ್ಟು ಕೇಳಿ ನೋಡಿ.

ಊಹೆ ನಿಜವಾದರೆ ಒಂದು ಅನುಕೂಲವಿದೆ. ಒಬ್ಬ ಎತ್ತಿದ ಸಾಲನ್ನು ಉಳಿದವರು ಹಿಂದಿನಿಂದ ಮತ್ತೆ ಹಿಡಿಯುವ ರೂಢಿ ಇರುವ ಕಡೆ, ಮುಂದಾಳು ದೂರವಿದ್ದಾಗ ಕಳೆದುಹೋದ ಸಾಲು ಹಿಂಬಾಲಕರ ಬಾಯಲ್ಲಿ ಉಳಿದಿರಬಹುದು; ಹಾಗಾಗಿ ತುಂಡುಗಳೆಂದು ಬದಿಗಿಡದೆ ಎಲ್ಲವನ್ನೂ ಅಕ್ಷರಕ್ಕೆ ಇಳಿಸಿ. ಕಡಿದ ಜಾಗದಲ್ಲಿ ಇಲ್ಲಿ ಮುದ್ರಣ ನಿಂತಿದೆ ಎಂದು ತಪ್ಪದೆ ಗುರುತು ಮಾಡಿ. ಆ ಗುರುತು ಇಲ್ಲದಿದ್ದರೆ ಮುಂದೆ ಓದುವವರು ಎರಡು ಬೇರೆ ಸಾಲುಗಳನ್ನು ಒಂದೇ ನುಡಿಯೆಂದು ತಿಳಿಯುತ್ತಾರೆ.

ಸೋದರತ್ತೆಯವರ ಪದಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಸ್ವಿಚ್ಚು ‘ಆಫ್’ನಲ್ಲಿಯೇ ಇರಬೇಕು. ಬೀಸುವಾಗ ಕಲ್ಲಿನ ಗುಡುಗುಡು ಸದ್ದು ಯಂತ್ರವನ್ನು ತಿರುಗಿಸುತ್ತಲೇ ಇರುತ್ತದೆಯೆಂದು ಮೊದಲಿಗೆ ತೋರುತ್ತದೆ. ಆದರೆ ಹಾಡುವವಳು ಗೂಟ ಬಿಟ್ಟು, ಮೊರದಿಂದ ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುವಾಗ ಕಲ್ಲು ನಿಲ್ಲುತ್ತದೆ, ದನಿ ಗುನುಗಾಗಿ ಇಳಿಯುತ್ತದೆ. ಮುಂದಿನ ನುಡಿಯನ್ನು ಅವಳು ನೆನೆಸಿಕೊಳ್ಳುವುದು ಆಗಲೇ. ಎಷ್ಟೋ ಸಲ ಅದರ ಮೊದಲ ಮಾತನ್ನು ತನಗೆ ತಾನೇ ಹೇಳಿಕೊಂಡು ಆಮೇಲೆ ಗಟ್ಟಿಯಾಗಿ ಎತ್ತುತ್ತಾಳೆ. ಆ ಗುನುಗು, ಆ ಬಿಡುವು, ಬಿಡುವಿನ ಅಳತೆ ಇವೆಲ್ಲ ಪದದ ಭಾಗವೇ ಆಗಿರುವುದರಿಂದ ಅವನ್ನು ಬೇಡವೆಂದು ಬಿಡುವ ಅಧಿಕಾರವನ್ನು ಒಂದು ಸ್ವಿಚ್ಚಿಗೆ ಕೊಡಬಾರದು. ಟೇಪು ಉಳಿಸುವ ಆಸೆಗೆ ಹಾಡಿನ ನಡಿಗೆಯನ್ನೇ ಕಳೆದುಕೊಂಡ ಸಂಗ್ರಹಗಳನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಉತ್ತರ: ವಕೀಲರ ಕಚೇರಿಯ ಬರಹಗಾರ, ಹಾವೇರಿ

ಹಾಡಿನ ವಿಷಯದಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಈ ಏರ್ಪಾಡು ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸದಲ್ಲಿ ಅದು ಬಹಳ ಉಪಯುಕ್ತವೆಂಬುದನ್ನೂ ಹೇಳಬೇಕು. ನಮ್ಮ ಹಿರಿಯ ವಕೀಲರು ಕಾಗದಪತ್ರಗಳನ್ನು ತಿರುವಿ ಹಾಕುತ್ತ, ನಡುನಡುವೆ ಯೋಚಿಸುತ್ತ ಹೇಳಿ ಬರೆಸುವವರು. ವಿಓಆರ್ ಆನ್ ಇದ್ದರೆ ಅವರ ಯೋಚನೆಯ ಹೊತ್ತೆಲ್ಲ ಬಿಟ್ಟುಹೋಗಿ, ಒಂದು ಬದಿಗೆ ಮೂವತ್ತು ನಿಮಿಷ ಹಿಡಿಯುವ ಸಿ-60 ಕ್ಯಾಸೆಟ್ಟಿನಲ್ಲಿ ಇಡೀ ಮಧ್ಯಾಹ್ನದ ಕೆಲಸ ಅಡಗುತ್ತಿತ್ತು. ಬೆರಳಚ್ಚು ಮಾಡುವ ನನಗೂ ಖಾಲಿ ಟೇಪನ್ನು ಓಡಿಸುತ್ತ ಕೂರುವ ತೊಂದರೆ ಇರುತ್ತಿರಲಿಲ್ಲ. ಮೊದಲ ಮಾತು ಕಡಿಯದಿರಲೆಂದು ಅವರು ಪ್ರತಿ ಸಲ ‘ಹಾಂ, ಬರೀರಿ’ ಎಂದು ಹೇಳಿ ಕ್ಷಣ ಬಿಟ್ಟು ವಿಷಯಕ್ಕೆ ಬರುತ್ತಿದ್ದರು. ಕಡಿದರೆ ಆ ‘ಹಾಂ’ ಮಾತ್ರ ಕಡಿಯುತ್ತಿತ್ತು.

ಸೆಕೆಯ ದಿನಗಳಲ್ಲಿ ಮೇಲೆ ಫ್ಯಾನು ತಿರುಗುತ್ತಿದ್ದರೆ ‘ಎಚ್’ನಲ್ಲಿ ಯಂತ್ರ ನಿಲ್ಲುವುದೇ ಇಲ್ಲ, ಆಗ ‘ಎಲ್’ ಇಟ್ಟು ಬಾಯಿಗೆ ಹತ್ತಿರ ಹಿಡಿಯಬೇಕು. ಕೆಲಸ ಮುಗಿದ ಮೇಲೆ ಸ್ಟಾಪ್ ಒತ್ತುವುದನ್ನು ಮರೆಯಬಾರದು. ಮೋಟಾರು ನಿಂತಿರುವುದರಿಂದ ಯಂತ್ರ ಆರಿದೆಯೆಂದು ತೋರುತ್ತದೆ; ಒಳಗೆ ಮೈಕು ಕೇಳುತ್ತಲೇ ಇರುತ್ತದೆ, ಸೆಲ್ಲು ಕರಗುತ್ತಲೇ ಇರುತ್ತದೆ.

ಪ್ರಶ್ನೆ ಕೇಳಿದವರಿಂದ: ರೋಣ ತಾಲ್ಲೂಕು

ಧಾರವಾಡದವರು ಹೇಳಿದಂತೆಯೇ ಇದೆ. ಹೆಡ್‌ಫೋನು ಹಾಕಿಕೊಂಡು ಕೇಳಿದೆ. ಗೆಜ್ಜೆಯ ಸದ್ದು ಸಮೀಪಿಸುತ್ತದೆ, ದನಿ ತುಂಬಿ ಬರುತ್ತದೆ, ಎರಡೂ ಒಟ್ಟಿಗೆ ದೂರವಾಗುತ್ತ ಹೋಗಿ ಕಡಿಯುತ್ತದೆ. ಒಂದು ಕ್ಯಾಸೆಟ್ಟಿನಲ್ಲಿ ಹಿಂಬಾಲಕರ ದನಿಯೂ ಸ್ಪಷ್ಟವಾಗಿದೆ, ಹೀಗಾಗಿ ಎರಡು ನುಡಿಗಳು ಪೂರ್ತಿಯಾಗಿ ದೊರೆತವು. ಸವೆದಿದೆಯೆಂದು ನಾನು ತಿಳಿದಿದ್ದ ಟೇಪಿನಲ್ಲಿ ಕಣದ ಸುತ್ತಳತೆಯೇ ಮುದ್ರಿತವಾಗಿರುವುದನ್ನು ಕಂಡು ತುಂಬ ಸಂತೋಷವಾಯಿತು. ಈಗ ಇವನ್ನು ಕಂಪ್ಯೂಟರಿಗೆ ಇಳಿಸುವ ಕ್ರಮ ಹೇಗೆ? ಬೀಸುವ ಕಲ್ಲಿನ ಹತ್ತಿರ ರೆಕಾರ್ಡರು ಎಷ್ಟು ದೂರದಲ್ಲಿರಬೇಕು?

ಉತ್ತರ: ದುರಸ್ತಿಗಾರ, ಹುಬ್ಬಳ್ಳಿ

ಇಳಿಸುವುದಕ್ಕೂ ಸಾಧ್ಯವಾದರೆ ಅದೇ ರೆಕಾರ್ಡರನ್ನು ಬಳಸಿ. ಮುದ್ರಿಸಿದ ಯಂತ್ರದ ಹೆಡ್ಡು, ಅಂದರೆ ಟೇಪಿಗೆ ತಾಗಿ ದನಿಯನ್ನು ಬರೆಯುವ ಮತ್ತು ಓದುವ ಭಾಗ, ಯಾವ ಓರೆಯಲ್ಲಿ ಕೂತಿತ್ತೋ ಅದೇ ಓರೆಯಲ್ಲಿ ನುಡಿಸಿದರೆ ದನಿ ಮಬ್ಬಾಗದೆ ಬರುತ್ತದೆ. ಬೇರೆ ಡೆಕ್ಕಿನಲ್ಲಿ ನುಡಿಸುವುದಾದರೆ ಬಲ್ಲವರಿಂದ ಹೆಡ್ಡಿನ ಓರೆಯನ್ನು ಆ ಟೇಪಿಗೆ ಹೊಂದಿಸಿಕೊಳ್ಳಬೇಕು. ಮೊದಲು ಹೆಡ್ಡು, ಟೇಪನ್ನು ಎಳೆಯುವ ಲೋಹದ ಕಡ್ಡಿಯಾದ ಕ್ಯಾಪ್‌ಸ್ಟನ್, ಅದಕ್ಕೆ ಟೇಪನ್ನು ಒತ್ತಿಹಿಡಿಯುವ ರಬ್ಬರಿನ ಪಿಂಚ್ ರೋಲರು ಇವನ್ನು ಹತ್ತಿಯ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಲು ಬಿಡಿ. ಒಳಗಿನ ಬೆಲ್ಟು ಸಡಿಲಾಗಿದ್ದರೆ ದನಿ ತೇಲಾಡುತ್ತದೆ. ಕೆಲವು ಹಳೆಯ ಬೆಲ್ಟುಗಳು ಕರಗಿ ಅಂಟಿನಂತಾಗಿರುತ್ತವೆ, ಅಂಥದ್ದನ್ನು ಬದಲಿಸುವ ತನಕ ಬೆಲೆಬಾಳುವ ಕ್ಯಾಸೆಟ್ಟನ್ನು ಒಳಗೆ ಹಾಕಬೇಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೂ ನುಡಿಸದೆ ಬೇರೆ ಎತ್ತಿಡಿ, ಅದು ಹೆಡ್ಡಿಗೆ ತಗುಲಿ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ.

ಎಲ್ಲಕ್ಕಿಂತ ಮುಂಚೆ ಹಳೆಯ ಕ್ಯಾಸೆಟ್‌ಗಳ ಹಿಂಬದಿಯ ಪ್ಲಾಸ್ಟಿಕ್ ಚಿಪ್ಪುಗಳನ್ನು ಮುರಿದುಬಿಡಿ. ನುಡಿಸುವ ಬದಿ ನಿಮ್ಮ ಕಡೆಗೂ ಟೇಪು ಕಾಣುವ ಅಂಚು ಕೆಳಗೂ ಇರುವಂತೆ ಹಿಡಿದರೆ ಮೇಲಿನ ಎಡ ಮೂಲೆಯಲ್ಲಿರುವುದು ಆ ಬದಿಯ ಚಿಪ್ಪು. ಅದು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಇಳಿಯದು, ತಂದೆಯವರ ಮುದ್ರಣ ಅಳಿಯುವ ಭಯವಿಲ್ಲ. ಆಮೇಲೆ ಇಯರ್‌ಫೋನಿನ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತಂತಿ ಕೊಟ್ಟು, ದನಿಯನ್ನು ನಡುಮಟ್ಟದಲ್ಲಿಟ್ಟು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತವಾಗಿ ಇಳಿಸಿಕೊಳ್ಳಿ. ಸದ್ದು ತೆಗೆಯುವ, ಕೀರಲು ತಿದ್ದುವ ಕೆಲಸಗಳನ್ನೆಲ್ಲ ಅದರ ನಕಲಿನ ಮೇಲೆ ಮಾತ್ರ ಮಾಡಿ.

ಉತ್ತರ: ಜಾನಪದ ಸಂಶೋಧಕ, ಧಾರವಾಡ

ಬೀಸುವ ಕಲ್ಲಿನ ಹತ್ತಿರ ರೆಕಾರ್ಡರನ್ನು ಬರಿ ನೆಲದ ಮೇಲೆ ಇಡಬೇಡಿ, ಕಲ್ಲಿನ ಅದುರು ನೆಲದಿಂದ ನೇರವಾಗಿ ಮೈಕಿಗೆ ಏರುತ್ತದೆ. ನಾಲ್ಕು ಮಡಿಕೆಯ ಕೌದಿಯ ಮೇಲಿಟ್ಟರೆ ಬಹುಪಾಲು ತಡೆಯುತ್ತದೆ. ಇಂಥ ಯಂತ್ರಗಳು ದನಿಯ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುವುದರಿಂದ ಕಲ್ಲಿನ ಸದ್ದು ಜೋರಾಗಿದ್ದರೆ ಹಾಡಿನ ದನಿಯೂ ಅದರೊಂದಿಗೆ ಕುಗ್ಗುತ್ತದೆ. ಆದ್ದರಿಂದ ದೂರದ ಅಳತೆಗಿಂತ ಮೈಕು ಕಲ್ಲಿಗಿಂತ ಬಾಯಿಗೆ ಹತ್ತಿರವಿದೆಯೇ ಎಂಬುದನ್ನು ನೋಡಿಕೊಳ್ಳಿ. ಹೊರಗಿನ ಮೈಕು ಸಿಕ್ಕರೆ ಅದನ್ನು ಸೋದರತ್ತೆಯವರ ಹೆಗಲ ಬದಿಗೆ, ಸೆರಗು ತಾಗದಂತೆ ಇಟ್ಟು, ರೆಕಾರ್ಡರನ್ನು ದೂರವಿಡಿ. ಯಂತ್ರದ ಮೋಟಾರಿನ ಸದ್ದೂ ಆಗ ಬೀಳುವುದಿಲ್ಲ. ಅವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದು, ಕಣ್ಣಿಗೆ ಬೀಳದ ಕಡೆ ಮೊಬೈಲಿನಲ್ಲಿಯೂ ಒಂದು ಮುದ್ರಣ ನಡೆಸುವುದು ಒಳ್ಳೆಯದು.

ಹೊಸ ಕ್ಯಾಸೆಟ್ಟಿನ ತುದಿಯಲ್ಲಿ ಮುದ್ರಣ ಹಿಡಿಯದ ಪಟ್ಟಿ ಇರುವುದರಿಂದ ಅದನ್ನು ದಾಟಿಸಿ, ಊರು, ದಿನಾಂಕ, ಹಾಡುವವರ ಹೆಸರು ಇವನ್ನು ನಿಮ್ಮ ದನಿಯಲ್ಲಿ ಹೇಳಿ, ಆಮೇಲೆ ಅವರಿಗೆ ಸನ್ನೆ ಮಾಡಿ. ಸಿ-120 ಬೇಡ, ಅದರ ಟೇಪು ತೀರ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ, ಸಿ-60 ಸಾಕು. ಬದಿ ಮುಗಿಯುವ ಹೊತ್ತಿಗೆ ಪದ ನಡೆದಿದ್ದರೆ ತಡೆಯಬೇಡಿ, ಮುಗಿದ ಮೇಲೆ ಅದೊಂದನ್ನು ಇನ್ನೊಮ್ಮೆ ಹಾಡಲು ಕೇಳಿಕೊಳ್ಳಿ. ಎಲ್ಲವನ್ನೂ ಇಳಿಸಿಕೊಂಡಾದ ಬಳಿಕ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದವರನ್ನು ಒಮ್ಮೆ ವಿಚಾರಿಸಿ ಒಂದು ಪ್ರತಿಯನ್ನು ಕೊಡಲು ಪ್ರಯತ್ನಿಸಿ. ಹಂತಿ ಪದದ ಅಕ್ಷರರೂಪ ಸಿದ್ಧವಾದಾಗ ಇಲ್ಲಿಯೂ ಹಾಕಿದರೆ, ಗದಗ ಸೀಮೆಯ ಬೇರೆ ಊರುಗಳ ಪಾಠಗಳೊಂದಿಗೆ ಹೋಲಿಸಿ ಬಿಟ್ಟ ಸಾಲುಗಳನ್ನು ಹುಡುಕಲು ನಾನು ಖಂಡಿತ ಜೊತೆಗಿರುತ್ತೇನೆ.