ಸಹಾಯ ಬೇಕು: ಅಪ್ಪನ ಮೆಡಲ್‌ಗೆ ರಿಬ್ಬನ್, ಮಾತಿಗೆ ಜೊತೆಗಾರರು

ನಮ್ಮಪ್ಪ 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದವರು. ಈಗ ಮಡಿಕೇರಿಯಲ್ಲಿ ನಮ್ಮ ಜೊತೆ ಇದ್ದಾರೆ. ಸುಮ್ನೆ ಕೇಳಿದರೆ ಯುದ್ಧದ ಬಗ್ಗೆ ಬಾಯಿ ಬಿಡುವುದಿಲ್ಲ. ಟ್ರಂಕು ತೆಗೆದು ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್ ಕೈಗಿಟ್ಟರೆ ಮಾತ್ರ, ಊಟ ಆರಿದರೂ ಮಾತು ನಿಲ್ಲುವುದಿಲ್ಲ. ಅಂಚು ನೆಗ್ಗಿದ ಮಗ್ ಒಂದಿದೆ, ಅದನ್ನು ತೊಳೆಯಲೂ ನಮಗೆ ಬಿಡುವುದಿಲ್ಲ!

ಮೆಡಲ್‌ಗಳ ರಿಬ್ಬನ್ ನೂಲು ಬಿಟ್ಟಿದೆ. ಅದೇ ಬಣ್ಣದ ಪಟ್ಟಿಯ ಹೊಸದು ಮೈಸೂರು, ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ಪಾಲಿಶ್ ಬೇಡವಂತೆ, ಕಲೆ ಹಾಗೇ ಇರಬೇಕಂತೆ.

ಅದಕ್ಕಿಂತ ಮುಖ್ಯವಾದದ್ದು, 71ರಲ್ಲಿ ಆ ಕಡೆ ಇದ್ದ ಹಿರಿಯರು ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇದ್ದರೆ ತಿಳಿಸಿ. ಹಳೇ ಫೋಟೋ, ಪತ್ರ ಏನಿದ್ದರೂ ತರಲಿ. ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಅಲ್ವಾ, ಅಲ್ಲೇ ಸೇರಬಹುದು. ಕರೆತಂದು ವಾಪಸ್ ಬಿಡುವುದು ನನ್ನ ಜವಾಬ್ದಾರಿ. ಇನ್‌ಬಾಕ್ಸ್ ಮಾಡಿ.